ಮೊಣಕಾಲಿನ ಹಕ್ಕಳೆ

ಮಗಳು ಸೈಕಲ್ಲಿಂದ ಬಿದ್ದು ಇವತ್ತಿಗೆ ಎಂಟು ದಿನ. ಬೆಳಗ್ಗೆ ಮೊಣಕಾಲಿನ ಹಕ್ಕಳೆ ಕೆರೆಯುತ್ತಾ ಕೂತಿದ್ದಳು. "ಕೀಳಬೇಡ ಪುಟ್ಟಿ" ಅಂತ ಕೈ ಹಿಡಿದುಕೊಂಡೆ.

ಒಂದು ಅಂಚು ಒಣಗಿ ಮೇಲೆದ್ದಿತ್ತು. ಅದರ ಕೆಳಗೆ ಎಳೆ ಗುಲಾಬಿ ಬಣ್ಣದ ಹೊಸ ಚರ್ಮ, ಎಷ್ಟು ತೆಳು ಅಂದರೆ ಬೆಳಕಿಗೆ ಮಿರಮಿರ ಮಿಂಚುತ್ತಿತ್ತು. ತುಂಬಾ ಹೊತ್ತು ಅದನ್ನೇ ನೋಡಿದೆ.

ಗಾಯ ಅಂದ ಕೂಡಲೇ ನಮಗೆ ರಕ್ತ, ಬಿಳಿ ರಕ್ತಕಣ ಅಷ್ಟೇ ನೆನಪಾಗುತ್ತದೆ ಅಲ್ವಾ. ಆದರೆ ಜೀವಕೋಶಗಳ ನಡುವೆ ಇರುವ ಜಾಲ, ಕೊಲಾಜೆನ್, ಫೈಬ್ರೊನೆಕ್ಟಿನ್ ಅನ್ನುವ ಪ್ರೋಟೀನುಗಳೆಲ್ಲ ಸೇರಿ ನೇಯ್ದದ್ದು, ಸುಮ್ನೆ ಮಧ್ಯೆ ತುಂಬಿಕೊಂಡ ಗೋಂದಲ್ಲ. ಪೆಟ್ಟಾದಾಗ ಅದು ಹರಿದು ಚೂರಾಗುತ್ತದೆ, ಆ ಚೂರುಗಳನ್ನೇ ರೋಗನಿರೋಧಕ ಕೋಶಗಳು "ಇಲ್ಲಿ ಏನೋ ಆಗಿದೆ" ಅನ್ನುವ ಕೂಗಿನ ಹಾಗೆ ಕೇಳಿಸಿಕೊಂಡು ಓಡಿ ಬರುತ್ತವೆ.

ನನಗೆ ಜಾಸ್ತಿ ಇಷ್ಟ ಟೆನಾಸಿನ್-ಸಿ ಅನ್ನುವ ಪ್ರೋಟೀನು. ದೊಡ್ಡವರ ಆರೋಗ್ಯವಾದ ಚರ್ಮದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಗಾಯವಾದರೆ ಅಂಚಿನಲ್ಲಿ ಹುಟ್ಟಿಕೊಳ್ಳುತ್ತದೆ, ಉರಿಯೂತಕ್ಕೆ ಕಿಡಿ ಹಚ್ಚುತ್ತದೆ, ವಾಸಿಯಾದ ಮೇಲೆ ಹೊರಟುಹೋಗುತ್ತದೆ. ಹಾಗೆ ಹೋಗುವುದೇ ದೊಡ್ಡ ವಿಷಯ. ರುಮಟಾಯ್ಡ್ ಸಂಧಿವಾತ ಇರುವವರ ಕೀಲುಗಳಲ್ಲಿ ಅದು ಹೋಗದೆ ಉಳಿದುಬಿಡುತ್ತದೆ, ಊತ ಇಳಿಯದಿರುವುದಕ್ಕೆ ಅದೂ ಒಂದು ಕಾರಣ.

ಆಳವಾದ ಗಾಯವಾದರೆ ಮೊದಲು ಮೂರನೇ ಬಗೆಯ ಕೊಲಾಜೆನ್ ಅವಸರದಲ್ಲಿ ಬರುತ್ತದೆ, ಆಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಆ ಜಾಗಕ್ಕೆ ಗಟ್ಟಿಯಾದ ಒಂದನೇ ಬಗೆಯದು. ಅಷ್ಟಾದರೂ ಕಲೆಯಾದ ಜಾಗ ಹಳೇ ಚರ್ಮದ ಬಲದಲ್ಲಿ ಸುಮಾರು ಶೇ. 80ನ್ನು ದಾಟುವುದಿಲ್ಲ.

ಸಂಜೆ ನೋಡಿದರೆ ಆ ಅಂಚು ಕಿತ್ತೇ ಬಿಟ್ಟಿದ್ದಾಳೆ. ಸಾಸಿವೆ ಕಾಳಿನಷ್ಟು ರಕ್ತ. ತೊಳೆದು ಪಟ್ಟಿ ಹಾಕಿದೆ.