‘ಇದೆಂಥಾ ಪತ್ತೇದಾರಿ, ಅಕ್ಕಾರ?’

ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಕಪಾಟು ಪುಸ್ತಕ ಇವೆ. ಧಾರವಾಡದ ನಮ್ಮ ಓಣಿಯವರು, ಅವರ ಗೆಳತಿಯರು, ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವ ಇಬ್ಬರು ಮೂವರು, ಯಾರು ಬೇಕಾದರೂ ಒಯ್ಯಬಹುದು. ವಹಿಯಲ್ಲಿ ಹೆಸರು ಬರೆದರೆ ಸಾಕು. ಜಾಸ್ತಿ ಜನ ಕೇಳುವುದು ಪತ್ತೇದಾರಿ ಕಾದಂಬರಿ. ಹಾಗೆ ಕೇಳಿದವರ ಕೈಗೆ ನಾನು ಹೆಚ್ಚಾಗಿ ಒಂದೇ ಪುಸ್ತಕ ಇಡುತ್ತೇನೆ. ಎಂಟು ಹತ್ತು ದಿನಕ್ಕೆ ಅದು ವಾಪಸ್ ಬರುತ್ತದೆ. ಜೊತೆಗೆ ಈ ಪ್ರಶ್ನೆಯೂ ಬರುತ್ತದೆ:

“ಇದೆಂಥಾ ಪತ್ತೇದಾರಿ, ಅಕ್ಕಾರ? ಒಬ್ಬಾಂವ ಸತ್ತಾನ, ಖರೆ. ಆದ್ರ ಆಕಿ ಬರೇ ವಿಚಾರ ಮಾಡ್ಕೋತ ಅಡ್ಡಾಡ್ತಾಳಲ್ರೀ! ಇದನ್ಯಾಕ ಎಲ್ಲಾರಿಗೂ ಕೊಡ್ತೀರಿ?”

ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪುಸ್ತಕದ ಮಾತು. ಅದು ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಅವರ ‘ದಿ ಸಂಡೇ ಫಿಲಾಸಫಿ ಕ್ಲಬ್’, 2004ರಲ್ಲಿ ಬಂದದ್ದು. ಇವರು ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಕಾನೂನಿನ ಪ್ರಾಧ್ಯಾಪಕರಾಗಿದ್ದವರು. ಕಥೆ ನಡೆಯುವುದೂ ಅದೇ ಊರಲ್ಲಿ. ಇಸಬೆಲ್ ಡಲ್‌ಹೌಸಿ ಅನ್ನುವ ಹೆಣ್ಣುಮಗಳು ನೀತಿ ವಿಚಾರದ ಒಂದು ಪತ್ರಿಕೆಯ ಸಂಪಾದಕಿ. ಒಂದು ಸಂಜೆ ಸಂಗೀತ ಕೇಳಲು ಅಷರ್ ಹಾಲ್‌ಗೆ ಹೋಗಿರುತ್ತಾಳೆ. ಕಛೇರಿ ಮುಗಿದ ಮೇಲೆ, ಎಲ್ಲಕ್ಕಿಂತ ಮೇಲಿನ ಗ್ಯಾಲರಿಯಿಂದ ಒಬ್ಬ ಹುಡುಗ ತಲೆ ಕೆಳಗಾಗಿ ಬೀಳುತ್ತಾನೆ. ಬೀಳುವಾಗ ಅವನ ಮುಖ ಇವಳಿಗೆ ಕಾಣುತ್ತದೆ. ಅವನು ಯಾರೋ, ಇವಳು ಯಾರೋ. ಆದರೆ ಅವನು ಕಟ್ಟಕಡೆಗೆ ಕಂಡದ್ದು ನನ್ನನ್ನೇ ಇರಬೇಕು ಅನ್ನುವುದು ಅವಳ ತಲೆಯಿಂದ ಹೋಗುವುದಿಲ್ಲ. ಅವನ ಋಣ ತನ್ನ ಮೇಲಿದೆ ಅನ್ನಿಸುತ್ತದೆ. ತಾನೇ ಬಿದ್ದನೋ, ಯಾರಾದರೂ ನೂಕಿದರೋ ಅಂತ ತಿಳಿಯಲು ಹೊರಡುತ್ತಾಳೆ. ಕೊನೆ ಏನಾಯಿತು ಅಂತ ಇಲ್ಲಿ ಹೇಳುವುದಿಲ್ಲ, ಇನ್ನೂ ನಾಲ್ಕು ಜನ ಅದಕ್ಕಾಗಿ ಹೆಸರು ಬರೆಸಿದ್ದಾರೆ.

ನೋಡಿ, ಋಣ ಅನ್ನುವ ಮಾತು ನನ್ನದು. ಇಂಗ್ಲಿಷ್ ಓದಲು ಬೇಸರ ಪಡುವವರಿಗೆ ಚಾ ಕುಡಿಯುತ್ತ ಈ ಕಥೆ ಹೇಳುವಾಗ ಬಾಯಿಗೆ ಬಂದದ್ದು. ಹೇಳಿದ ಕೂಡಲೇ ಎಲ್ಲರಿಗೂ ತಿಳಿಯಿತು. ಸಾಯುವವನ ಬಾಯಿಗೆ ನೀರು ಬಿಟ್ಟವರಿಗೆ ಅವನ ಜೊತೆ ಏನೋ ಒಂದು ಋಣ ಇತ್ತು ಅಂತ ನಾವು ಹೇಳುತ್ತೇವಲ್ವಾ? ಇಸಬೆಲ್ ನೀರು ಬಿಟ್ಟಿಲ್ಲ, ನೋಡಿದ್ದಾಳೆ ಅಷ್ಟೇ. ನೋಡಿದ್ದಕ್ಕೂ ಋಣ ಹತ್ತುತ್ತದೆಯೇ? ಪುಸ್ತಕ ಶುರುವಾಗುವುದೇ ಈ ಪ್ರಶ್ನೆಯಿಂದ.

ನಾನು ಎನ್. ನರಸಿಂಹಯ್ಯನವರ ಪುಸ್ತಕ ಓದಿಕೊಂಡು ಬೆಳೆದವಳು. 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದು, ಎಷ್ಟೋ ಮನೆಗಳಿಗೆ ಓದುವ ಚಟ ಹಚ್ಚಿದ ದೊಡ್ಡ ಮನುಷ್ಯ ಅವರು. ಬಾಡಿಗೆಗೆ ತಂದ ಪುಸ್ತಕ ಮರುದಿನ ಕೊಡಬೇಕು ಅಂತ ರಾತ್ರಿ ಚಿಮಣಿ ಬುಡ್ಡಿಯಲ್ಲಿ ಓದಿ ಮುಗಿಸಿದ್ದೇನೆ. ಅವರ ಪತ್ತೇದಾರ ಪುರುಷೋತ್ತಮ ಬಂದನೆಂದರೆ ಧೈರ್ಯ ಬರುತ್ತಿತ್ತು. ಆ ರುಚಿ ನನಗೆ ಇನ್ನೂ ಇದೆ. ಹಾಗಾಗಿ “ಖರೇ ಪತ್ತೇದಾರಿ ಅಂದ್ರ ಅದು” ಅನ್ನುವವರ ಜೊತೆ ನನ್ನ ಜಗಳ ಇಲ್ಲ. ಆದರೆ ಅಲ್ಲಿ ಕಳ್ಳ ಸಿಕ್ಕ ಕೂಡಲೇ ಪುಸ್ತಕ ಮುಗಿಯುತ್ತದೆ. ನನಗೆ ಕೇಳಬೇಕು ಅನ್ನಿಸುವುದು ಅಲ್ಲಿಂದ ಮುಂದೆ. ಸಿಕ್ಕ. ಗೊತ್ತಾಯಿತು. ಈಗ ಆ ಗೊತ್ತಾದದ್ದನ್ನು ಏನು ಮಾಡುವುದು?

ಪೊಲೀಸರಿಗೆ ಈ ತ್ರಾಸ ಕಡಿಮೆ. ಗೊತ್ತಾದದ್ದನ್ನು ಬರೆಯಬೇಕು, ಕೋರ್ಟಿಗೆ ಒಪ್ಪಿಸಬೇಕು, ದಾರಿ ಮೊದಲೇ ಹಾಕಿಟ್ಟಿದೆ. ಯಾರೂ ನೇಮಿಸದ, ಯಾರೂ ಪಗಾರ ಕೊಡದ ಒಬ್ಬ ಹೆಂಗಸು ಹುಡುಕಲು ಹೊರಟರೆ ಹಾಗಾಗುವುದಿಲ್ಲ. ಆಕೆಯ ಕೈಯಲ್ಲಿ ಲಾಠಿ ಇಲ್ಲ, ಕಾಗದ ಇಲ್ಲ. ನಳಕ್ಕೆ ನೀರು ಬಂದ ದಿನ ಅದೇ ಜನರ ನಡುವೆ ಕೊಡ ಹಿಡಿದು ನಿಲ್ಲಬೇಕು. ಅವರ ಮನೆಯ ಉಡಿ ತುಂಬುವುದಕ್ಕೆ ಹೋಗಬೇಕು, ಅವರು ತನ್ನ ಮನೆಯ ಸಾವಿಗೆ ಬರಬೇಕು. ಹಾಗಾಗಿ ಪ್ರತಿ ಪ್ರಶ್ನೆ ಕೇಳುವ ಮೊದಲು ಅವಳು ತೂಕ ಮಾಡುತ್ತಾಳೆ. ಓದುಗರಿಗೆ ನಿಧಾನ ಅನ್ನಿಸುವುದು ಈ ತೂಕ ಮಾಡುವ ಹೊತ್ತು. ನನಗೆ ಪುಸ್ತಕದ ಜೀವ ಅಲ್ಲೇ ಕಾಣುತ್ತದೆ.

ಇಂಥ ಹೆಂಗಸರು ಪುಸ್ತಕಕ್ಕೆ ಬಂದದ್ದು ಇತ್ತೀಚೆಗೆ ಏನಲ್ಲ. 1897ರಲ್ಲೇ ಅಮೆರಿಕದ ಅನ್ನಾ ಕ್ಯಾಥರೀನ್ ಗ್ರೀನ್ ಅವರು ಅಮೇಲಿಯಾ ಬಟರ್‌ವರ್ತ್ ಅನ್ನುವವಳನ್ನು ತಂದರು. ನ್ಯೂಯಾರ್ಕಿನ, ಮದುವೆಯಾಗದ, ವಯಸ್ಸಾದ ಹೆಣ್ಣುಮಗಳು. ನಡುರಾತ್ರಿ ತನ್ನ ಕಿಟಕಿಯಿಂದ, ಖಾಲಿ ಇದ್ದ ಬಾಜೂ ಮನೆಗೆ ಯಾರೋ ಹೋದದ್ದನ್ನು ನೋಡುತ್ತಾಳೆ. ಅಲ್ಲಿಂದ ಕಥೆ. ಆಮೇಲೆ ಅಗಾಥಾ ಕ್ರಿಸ್ಟಿಯವರ ಮಿಸ್ ಮಾರ್ಪಲ್ ಬಂದಳು, 1930ರಲ್ಲಿ ಅವಳ ಮೊದಲ ಕಾದಂಬರಿ. ಹೆಣಿಕೆ ಹಾಕುತ್ತ ಕೂತ ಮುದುಕಿ. ಅವಳ ಪದ್ಧತಿ ನಮ್ಮ ಧಾರವಾಡದವರಿಗೆ ಹೇಳಿಕೊಡುವುದೇ ಬೇಡ. ಹೊಸಬರನ್ನು ಕಂಡರೆ ತನ್ನ ಹಳ್ಳಿಯ ಯಾರನ್ನೋ ನೆನಪು ಮಾಡಿಕೊಳ್ಳುತ್ತಾಳೆ. ಇಂಥವನೇ ಒಬ್ಬ ನಮ್ಮೂರಲ್ಲಿದ್ದ, ಹಿಂಗ ಮಾಡಿದ್ದ ಅಂತ. ನಾವು “ನೀವು ಯಾರ ಪೈಕಿರೀ?” ಅಂತ ಕೇಳುತ್ತೇವಲ್ವಾ, ಹಾಗೇ. ಗದಗಿನ ಗಾಡಿಯಲ್ಲಿ ಕೂತವರು ಅಣ್ಣಿಗೇರಿ ಬರುವುದರೊಳಗೆ ಎದುರಿನವರ ತವರುಮನೆ, ಸೋದರಮಾವನ ನೌಕರಿ, ತಂಗಿಯ ಮದುವೆ ನಿಂತ ಕಾರಣ ಎಲ್ಲ ತಿಳಿದುಕೊಂಡಿರುತ್ತಾರೆ. ತಿಳಿಯುವ ವಿದ್ಯೆ ನಮ್ಮಲ್ಲಿ ಬೇಕಾದಷ್ಟು ಇದೆ. ತಿಳಿದದ್ದನ್ನು ಇಟ್ಟುಕೊಳ್ಳುವ ವಿದ್ಯೆ ಅಷ್ಟು ಸುಲಭಕ್ಕೆ ಬರುವುದಿಲ್ಲ.

ಹಾಗಂತ ಈ ಬಗೆಯ ಎಲ್ಲ ಪುಸ್ತಕವೂ ಚಲೋ ಅಂತ ನಾನು ಹೇಳುವುದಿಲ್ಲ. ಬೇಕರಿ, ಬೆಕ್ಕು, ಚಂದದ ಊರು, ನಡುವೆ ಒಂದು ಹೆಣ. ಸತ್ತವನಿಗೆ ಮುಖವೇ ಇರುವುದಿಲ್ಲ, ಯಾರೂ ಅವನಿಗಾಗಿ ಅಳುವುದಿಲ್ಲ. ಅಂಥವು ನನ್ನ ಕಪಾಟಿನಲ್ಲಿ ಇಲ್ಲ. ಸಾವನ್ನು ಅಷ್ಟು ಹಗುರ ಮಾಡಿದರೆ ನನಗೆ ಸಿಟ್ಟು ಬರುತ್ತದೆ. ಮೆದುವಾದ ಪುಸ್ತಕ ಅಂದರೆ ನೋವು ಇಲ್ಲದ ಪುಸ್ತಕ ಅಂತ ಅರ್ಥ ಅಲ್ಲ.

ಮೊನ್ನೆ ನಿವೃತ್ತ ಮೇಷ್ಟ್ರೊಬ್ಬರು ಪುಸ್ತಕ ವಾಪಸ್ ಕೊಡುತ್ತ ಬಸವಣ್ಣನವರನ್ನು ನೆನೆದರು. “ಲೋಕದ ಡೊಂಕ ನೀವೇಕೆ ತಿದ್ದುವಿರಿ ಅಂದಾರವ್ವಾ ಅವರು. ಈ ಇಸಬೆಲ್‌ಗೆ ಯಾಕ ಬೇಕಿತ್ತು ಉಸಾಬರಿ?” ಅಂದರು. ನಾನು ರಾತ್ರಿ ಆ ವಚನ ಮತ್ತೆ ತೆಗೆದು ನೋಡಿದೆ. ಮುಂದೆ ಅದು ನಿಮ್ಮ ನಿಮ್ಮ ತನುವ ಸಂತೈಸಿಕೊಳ್ಳಿ, ನಿಮ್ಮ ನಿಮ್ಮ ಮನವ ಸಂತೈಸಿಕೊಳ್ಳಿ ಅನ್ನುತ್ತದೆ. ಇಸಬೆಲ್ ಪುಸ್ತಕದ ಉದ್ದಕ್ಕೂ ಅದನ್ನೇ ಮಾಡುತ್ತಾಳಲ್ವಾ? ನಾನು ಹುಡುಕುತ್ತಿರುವುದು ಆ ಹುಡುಗನಿಗಾಗಿಯೋ, ನನ್ನ ಕುತೂಹಲಕ್ಕೋ ಅಂತ ತನ್ನನ್ನೇ ಕೇಳಿಕೊಳ್ಳುತ್ತಾಳೆ. ಬೇರೆಯವರ ಬಾಗಿಲು ಬಡಿಯುವ ಮುಂಚೆ ತನ್ನ ಮನಸ್ಸಿನ ಬಾಗಿಲು ಬಡಿಯುತ್ತಾಳೆ. ಮೇಷ್ಟ್ರಿಗೆ ಮರುದಿನ ಫೋನ್ ಮಾಡಿ ಇಷ್ಟು ಹೇಳಿದೆ. “ಮತ್ತೊಮ್ಮೆ ಓದ್ತೀನಿ, ಕಳಸು” ಅಂದರು.

ಇನ್ನು ಖರೆ ಹೇಳುವ ವಿಚಾರ. ಕಂಡದ್ದನ್ನು ಕಂಡ ಹಾಗೆ ಹೇಳಿಬಿಟ್ಟರೆ ಪತ್ತೇದಾರಳ ಕೆಲಸ ಮುಗಿಯಿತೇ? ಜರ್ಮನಿಯ ತತ್ವಜ್ಞಾನಿ ಕಾಂಟ್ 1797ರಲ್ಲಿ ಬರೆದ ಒಂದು ಲೇಖನದಲ್ಲಿ, ಕೊಲೆ ಮಾಡಲು ಬಂದವನು ‘ನಿನ್ನ ಗೆಳೆಯ ಒಳಗಿದ್ದಾನೆಯೇ’ ಅಂತ ಕೇಳಿದರೂ ಸುಳ್ಳು ಹೇಳಬಾರದು ಅಂದರು. ನಮ್ಮ ಮಹಾಭಾರತದ ಕರ್ಣಪರ್ವದಲ್ಲಿ ಇದಕ್ಕೆ ಸರಿ ಎದುರಿನ ಕಥೆ ಇದೆ. ಕೌಶಿಕ ಅನ್ನುವವನು ಯಾವಾಗಲೂ ನಿಜವನ್ನೇ ಹೇಳುತ್ತೇನೆ ಅಂತ ವ್ರತ ಹಿಡಿದವನು. ಕಳ್ಳರಿಗೆ ಹೆದರಿ ಜನ ಕಾಡಿನಲ್ಲಿ ಅಡಗಿಕೊಳ್ಳುತ್ತಾರೆ. ಕಳ್ಳರು ಬಂದು ಕೇಳಿದಾಗ ಇವನು ತೋರಿಸಿಬಿಡುತ್ತಾನೆ. ಅವರೆಲ್ಲ ಸಾಯುತ್ತಾರೆ. ನಿಜ ಹೇಳಿದ ಕೌಶಿಕ ನರಕಕ್ಕೆ ಹೋದ ಅಂತ ಕೃಷ್ಣ ಅರ್ಜುನನಿಗೆ ಹೇಳುತ್ತಾನೆ. ನಾನು ಕೃಷ್ಣನ ಕಡೆ. ಯಾಕೆ ಅಂದರೆ ನಮ್ಮ ಆಯಿಯನ್ನು, ಅಂದರೆ ಅಜ್ಜಿಯನ್ನು, ನೋಡಿದವಳು ನಾನು.

ಆಗ ನನಗೆ ಒಂಬತ್ತು ವರ್ಷ. ಆರು ಮನೆಗಳ ಒಂದು ಚಾಳದಲ್ಲಿ ಇದ್ದೆವು, ನಡುವೆ ಒಂದೇ ಅಂಗಳ. ಹಗಲೆಲ್ಲ ಎಲ್ಲರ ಬಾಗಿಲೂ ತೆರೆದೇ ಇರುತ್ತಿದ್ದವು. ಆಯಿ ವಾರಕ್ಕೊಮ್ಮೆ ಜೋಳದ ಖಡಕ್ ರೊಟ್ಟಿ ಮಾಡಿ, ಬುಟ್ಟಿಯಲ್ಲಿ ಒಂದರ ಮೇಲೊಂದು ಒಟ್ಟಿ, ಮೇಲೆ ಬಿಳಿ ಅರಿವೆ ಮುಚ್ಚಿ ಪಡಸಾಲೆಯ ಗೂಡಿನಲ್ಲಿ ಇಡುತ್ತಿದ್ದಳು. ಪತ್ತೇದಾರಿ ಕಾದಂಬರಿ ತಲೆಗೆ ಏರಿದ ದಿನಗಳು ಅವು. ನಾನು ರೊಟ್ಟಿ ಎಣಿಸಿದೆ. ಮುಂಜಾನೆಗೂ ಸಂಜೆಗೂ ಲೆಕ್ಕ ಸೇರಲಿಲ್ಲ. ಮೂರು ದಿನ ಎಣಿಸಿ ಅವ್ವನಿಗೆ ಹೇಳಿದೆ. ಅವ್ವನ ಸಂಶಯ ನೇರ ಭಾಂಡೆ ತಿಕ್ಕಲು ಬರುತ್ತಿದ್ದ ಹೆಣ್ಣುಮಗಳ ಮೇಲೆ ಹೋಯಿತು. ಅಂಗಳದಲ್ಲಿ ದನಿ ಏರಿತು. ಆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತದ್ದು ನನ್ನ ಕಣ್ಣ ಮುಂದೆ ಇನ್ನೂ ಇದೆ. ಅದಕ್ಕೆ ಕಾರಣ ನನ್ನ ಎಣಿಕೆ.

ಆಯಿ ಬಂದವಳು ಯಾರು ಕದ್ದರು ಅಂತ ಕೇಳಲಿಲ್ಲ. ನನ್ನನ್ನು ಕರೆದು ಬುಟ್ಟಿಯ ಮುಂದೆ ಕೂಡಿಸಿದಳು. “ಯಾವ ರೊಟ್ಟಿ ಹೋಗ್ಯಾವ, ಹೇಳು” ಅಂದಳು. ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ರೊಟ್ಟಿ ಅಂದರೆ ರೊಟ್ಟಿ, ಅದರಲ್ಲಿ ಯಾವುದು ಅಂದರೆ? ಅವಳು ಅರಿವೆ ತೆಗೆದು ಒಂದೊಂದನ್ನೇ ಎತ್ತಿ ತೋರಿಸಿದಳು. ಎಲ್ಲವೂ ಇಡಿ ರೊಟ್ಟಿ, ಅಂಚು ಸಹ ಒಡೆದಿರಲಿಲ್ಲ. ಒಟ್ಟುವಾಗ ಮುರಿದವನ್ನು ಅವಳು ಒಂದು ಬದಿಗೆ ಇಡುತ್ತಿದ್ದಳು. ಹೋದದ್ದು ಅವು ಮಾತ್ರ.

“ಕಳುವು ಮಾಡಾಕ ಬಂದಾಕಿ ಚಲೋ ರೊಟ್ಟಿ ಬಿಟ್ಟು ಮುರದ ರೊಟ್ಟಿ ಯಾಕ ಒಯ್ತಾಳ?” ಅಂದಳು, ಅವ್ವನಿಗೂ ಕೇಳುವ ಹಾಗೆ. “ಭಾಂಡೆ ತಿಕ್ಕಾಕಿಗೆ ನಾವು ದಿನಾ ಕೈಯಾರೆ ಎರಡ ರೊಟ್ಟಿ ಕೊಡ್ತೀವಿ. ಆಕಿ ಯಾಕ ತಗೋತಾಳ?”

ಮೊದಲು ಅವಳು ಮಾಡಿದ ಕೆಲಸ ಅಂದರೆ, ಅಂಗಳಕ್ಕೆ ಹೋಗಿ ಆರೂ ಮನೆಯವರು ಕೇಳುವ ಹಾಗೆ “ನಮ್ಮ ಮನ್ಯಾಗ ಎಣಿಕಿ ತಪ್ಪಿತ್ತು, ಆಕಿದೇನೂ ತಪ್ಪಿಲ್ಲ” ಅಂದದ್ದು. ಅವ್ವ ಸಂಜೆ ಆ ಹೆಣ್ಣುಮಗಳ ಕೈ ಹಿಡಿದು ತಪ್ಪಾಯಿತು ಅಂದಳು. ಕದ್ದವರ ಹೆಸರು ಮುಚ್ಚಿಟ್ಟರೆ ಆಯಿತು, ತಪ್ಪು ಮಾಡದವರ ಹೆಸರು ಎಲ್ಲರ ಮುಂದೆ ತೊಳೆಯಲೇಬೇಕು. ಈ ಎರಡನ್ನೂ ಅವಳು ಒಂದೇ ದಿನ ಮಾಡಿದಳು. ಅವಳು ಆ ದಿನ ಹೇಳಿದ್ದು ಸುಳ್ಳು. ನನ್ನ ಎಣಿಕೆ ತಪ್ಪಿರಲಿಲ್ಲ.

ಯಾರು ಅಂತ ಅವಳಿಗೆ ಗೊತ್ತಾಗಿತ್ತು ಅನ್ನುವುದರಲ್ಲಿ ನನಗೆ ಸಂಶಯವೇ ಇಲ್ಲ. ತಿಂಗಳ ಮೊದಲ ಹತ್ತು ಹದಿನೈದು ದಿನ ಒಂದು ಚೂರೂ ಹೋಗುತ್ತಿರಲಿಲ್ಲ. 20ನೇ ತಾರೀಖು ದಾಟಿದ ಮೇಲೆ ಶುರು. ಪಗಾರದ ಮನೆ. ಕೇಳಲು ನಾಚಿಕೆ ಪಡುವ ಮನೆ. ಇಡಿ ರೊಟ್ಟಿ ಮುಟ್ಟಿದರೆ ಕಳುವು, ಮುರಿದದ್ದು ಹೇಗೂ ಉಳಿಯುವುದು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ ಯಾರೋ ಒಬ್ಬಳು. ನಾನು ಎಷ್ಟು ಸಲ ಕೇಳಿದರೂ ಆಯಿ ಹೆಸರು ಹೇಳಲಿಲ್ಲ. ಸಾಯುವವರೆಗೂ ಹೇಳಲಿಲ್ಲ. ಎಣಿಸುವುದನ್ನು ಮಾತ್ರ ಬಿಡಿಸಿದಳು.

ಆಮೇಲಿನ ತಿಂಗಳುಗಳಲ್ಲಿ ನಾನು ಇನ್ನೊಂದು ಕಂಡೆ. 20 ದಾಟಿತೆಂದರೆ, ನಾವು ಶಾಲೆಗೆ ಹೊರಡುವ ಹೊತ್ತಿಗೆ ಆಯಿ ಬುಟ್ಟಿಯ ಮುಂದೆ ಕೂಡುತ್ತಿದ್ದಳು. ಮೇಲಿನ ಮೂರು ನಾಲ್ಕು ಇಡಿ ರೊಟ್ಟಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ಟಪ್ ಅಂತ ಮುರಿದು, ಬದಿಗೆ ಇಟ್ಟು, ಅರಿವೆ ಅರ್ಧ ಸರಿಸಿ ಬಿಡುತ್ತಿದ್ದಳು. ಒಂದೆರಡು ಸಲ ಅದರ ಮೇಲೆ ಶೇಂಗಾ ಹಿಂಡಿಯ ಪೊಟ್ಟಣವೂ ಇತ್ತು.

“ಯಾಕ ಮುರಿಯಾಕತ್ತೀ ಆಯಿ?” ಅಂತ ಕೇಳಿದೆ ಒಮ್ಮೆ.

“ಖಡಕ್ ಆಗ್ಯಾವೋ ಇಲ್ಲೋ ನೋಡಾಕತ್ತೀನಿ” ಅಂದಳು. “ನೀ ಸಾಲಿಗೆ ನಡಿ, ಹೊತ್ತಾತು.”