ಕ್ರ್ಯಾಂಕ್ ಮೇಲೆ ಎಳೆದ ಉಗುರು

ಚಳ್ಳಕೆರೆಯಿಂದ ಯಶವಂತಪುರಕ್ಕೆ ಈರುಳ್ಳಿ ಲೋಡು. ರಾತ್ರಿ ಹನ್ನೊಂದೂವರೆಗೆ ಡ್ರೈವರ್ ಫೋನ್ ಮಾಡಿದ. "ಅಣ್ಣಾ, ಶಿರಾ ಹತ್ರ ಗಾಡಿ ತಾನಾಗೇ ಆಫ್ ಆಯ್ತು. ಸೆಲ್ಫ್ ಹೊಡೆದ್ರೆ ಟಕ್ ಅಂತದೆ, ತಿರುಗ್ತಿಲ್ಲ." ಆ ಲಾರಿಯನ್ನು ಸೆಕೆಂಡ್ ಹ್ಯಾಂಡಲ್ಲಿ ತಗೊಂಡು 7 ತಿಂಗಳಾಗಿತ್ತು. ಇನ್ನೂ 29 ಕಂತು ಬಾಕಿ.

ಈರುಳ್ಳಿಯನ್ನು ಬೇರೆ ಗಾಡಿಗೆ ತುಂಬಿ ಕಳಿಸಿ, ನಮ್ಮದನ್ನು ಶಿರಾದ ಗ್ಯಾರೇಜಿಗೆ ಎಳೆಸಿಕೊಂಡು ಬಂದೆವು. ರೇಡಿಯೇಟರ್‌ನ ಕೆಳಗಿನ ಹೋಸ್ ಸೀಳಿತ್ತು. ಮೀಟರ್ ನೋಡೋಕಾಗಲ್ವಾ ಅಂತ ಡ್ರೈವರ್ ಮೇಲೆ ರೇಗಿದೆ. "ನೋಡ್ದೆ ಅಣ್ಣ. ಮುಳ್ಳು ಮೇಲೆ ಹೋಗಿ ಆಮೇಲೆ ಕೆಳಗೇ ಬಂತು, ತಣ್ಣಗಾಯ್ತು ಅಂದ್ಕೊಂಡೆ" ಅಂದ. ಗ್ಯಾರೇಜಿನ ಮೇಸ್ತ್ರಿ ಅವನ ಪರ ನಿಂತರು. ಸೆನ್ಸರ್ ಅಳೆಯುವುದು ನೀರಿನ ಬಿಸಿಯನ್ನು. ನೀರೇ ಖಾಲಿಯಾದರೆ ಅದಕ್ಕೆ ಮುಟ್ಟಲು ಏನೂ ಇಲ್ಲ; ಮುಳ್ಳು ಇಳಿಯುತ್ತದೆ, ಇಂಜಿನ್ ಒಳಗೇ ಬೇಯುತ್ತಿರುತ್ತದೆ. ನನಗಿದು ಗೊತ್ತಿರಲಿಲ್ಲ. ತಪ್ಪಾಯ್ತು ಕಣೋ ಅಂತ ಆ ಹುಡುಗನಿಗೆ ಅಲ್ಲೇ ಹೇಳಿದೆ.

ಕ್ರ್ಯಾಂಕ್ ಅಂದರೆ ಪಿಸ್ಟನ್ನುಗಳು ತಿರುಗಿಸುವ ಇಂಜಿನ್ನಿನ ಮುಖ್ಯ ದಂಡ. ಅದರ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಅದಕ್ಕೆ ನಾಲ್ಕಡಿ ಪೈಪು ಸೇರಿಸಿ ಇಬ್ಬರು ಜೋತುಬಿದ್ದರೂ ಇಂಜಿನ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಸೀಜ್ ಆಗಿತ್ತು, ಒಳಗೇ ಕಚ್ಚಿಕೊಂಡು ನಿಂತಿತ್ತು.

ಸಂಜೆಯೊಳಗೆ ಬೆಂಗಳೂರಿನ ಶಿವಾಜಿನಗರದಿಂದ ಒಬ್ಬರು ಹಳೇ ಇಂಜಿನ್ ಇದೆ ಎಂದರು. 95 ಸಾವಿರ, ಮೂರು ದಿನದಲ್ಲಿ ಗಾಡಿ ರೋಡಿಗೆ. ಬಿಚ್ಚಿ ಕಟ್ಟಿಸಿದರೆ ಲಕ್ಷ ದಾಟುತ್ತದೆ, ಎರಡು ವಾರ ಬೇಕು. ಗಾಡಿ ನಿಂತರೂ ಕಂತು ನಿಲ್ಲುವುದಿಲ್ಲವಲ್ಲ, ನನ್ನ ಮನಸ್ಸು ಹಳೇ ಇಂಜಿನ್ ಕಡೆಗೇ ವಾಲಿತ್ತು. "ಯಾವ ಗಾಡಿಯಿಂದ ಇಳಿಸಿದ್ದು, ಯಾಕೆ ಇಳಿಸಿದ್ದು, ಕೇಳಿದ್ರಾ ಓನರ್ರೇ?" ಅಂದರು ಮೇಸ್ತ್ರಿ. ಹೊಸ ಪೇಂಟ್ ಬಳಿದ ಒಂದು ಫೋಟೋ ಬಿಟ್ಟರೆ ನನ್ನ ಹತ್ತಿರ ಏನೂ ಇರಲಿಲ್ಲ. ಇಂಜಿನ್ ನಂಬರ್ ಬದಲಾದರೆ ಆರ್‌ಟಿಓ ಆಫೀಸಿನಲ್ಲಿ ಆರ್‌ಸಿಗೆ ಏರಿಸಬೇಕು. ಬಿಲ್ ಕೊಡ್ತೀರಾ ಅಂದರೆ ಆ ಕಡೆ ಫೋನ್ ಕಟ್ಟಾಗುತ್ತಿತ್ತು.

"ಮೊದಲು ಬಿಚ್ಚಿ ನೋಡೋಣ. ಕ್ರ್ಯಾಂಕು, ಇಂಜಿನ್ ಮೈ ಅಂದ್ರೆ ಬ್ಲಾಕು ಉಳಿದಿದ್ರೆ ಕಟ್ಟೋಣ. ಇಲ್ಲಾಂದ್ರೆ ನೀವು ಹೇಳ್ದಂಗೆ."

ಇಂಜಿನ್ನಿನ ಮೇಲಿನ ಮುಚ್ಚಳ, ಹೆಡ್, ಎತ್ತಿದರೆ ಮೂರನೇ ಪಿಸ್ಟನ್ ಬೆಸುಗೆ ಹಾಕಿದಂತೆ ಕೂತಿತ್ತು. ಪಿಸ್ಟನ್ನಿನ ಅಲ್ಯುಮಿನಿಯಂ, ಅದು ಓಡಾಡುವ ಕೊಳವೆಯ, ಅಂದರೆ ಲೈನರಿನ, ಗೋಡೆಗೆ ಬೂದುಬಣ್ಣದ ಗೀರುಗಳಾಗಿ ಮೆತ್ತಿಕೊಂಡಿತ್ತು. ರಾತ್ರಿಯಿಡೀ ಡೀಸೆಲ್ ನೆನೆಹಾಕಿ, ಬೆಳಿಗ್ಗೆ ಲೈನರ್ ಸಮೇತ ಹೊರಗೆಳೆದರು. ಅದಕ್ಕಾಗಿ ಕೆಳಗೆ ಆಯಿಲ್ ಚೇಂಬರ್ ಇಳಿಸಿದಾಗ ಕ್ರ್ಯಾಂಕ್ ಕೂರುವ ಬೇರಿಂಗ್‌ಗಳ ಮೇಲ್ಪದರ ಸವೆದು ತಾಮ್ರದ ಬಣ್ಣ ಕಾಣುತ್ತಿತ್ತು. ನನ್ನ ಎದೆ ಧಸಕ್ಕೆಂದಿತು. ಮೇಸ್ತ್ರಿ ಕ್ರ್ಯಾಂಕನ್ನು ಬಟ್ಟೆಯಿಂದ ಒರೆಸಿ, "ಉಗುರು ಎಳೀರಿ" ಅಂದರು. ಹೆಬ್ಬೆರಳ ಉಗುರು ಎರಡು ಕಡೆ ಗೀರಿಗೆ ಸಣ್ಣಗೆ ತಡೆಯಿತು. ಉಳಿದ ಕಡೆಯೆಲ್ಲ ಗಾಜಿನ ಮೇಲೆ ಜಾರಿದಂತೆ ಜಾರಿತು.

ತುಮಕೂರಿನ ಲೇತ್‌ನವರು ಮೈಕ್ರೋಮೀಟರ್ ಹಿಡಿದು ನೋಡಿದರು. ಹಿಂದೆ ಒಮ್ಮೆ ಕ್ರ್ಯಾಂಕನ್ನು 0.25 ಮಿಲಿಮೀಟರ್ ಉಜ್ಜಿ ಗ್ರೈಂಡ್ ಮಾಡಿದ್ದಾರೆ, ಈಗ ಒಟ್ಟು 0.50ಕ್ಕೆ ಇಳಿಸಿದರೆ ಸಾಕು, ಗೀರು ಹೋಗುತ್ತದೆ. ಬಿರುಕಿಲ್ಲ, ಬೆಂಡಿಲ್ಲ, ಬ್ಲಾಕೂ ಚೆನ್ನಾಗಿದೆ. ಕಟ್ಟಿಬಿಡಿ ಅಂತ ಅಲ್ಲಿಂದಲೇ ಮೇಸ್ತ್ರಿಗೆ ಫೋನ್ ಮಾಡಿದೆ.

ಲೈನರ್, ಪಿಸ್ಟನ್, ರಿಂಗು, ಬೇರಿಂಗು, ವಾಟರ್ ಪಂಪು, ಹೋಸುಗಳು, ಕೂಲಿ ಎಲ್ಲ ಸೇರಿ 1,28,000 ರೂಪಾಯಿ. ಹೆಂಡತಿಯ ಬಳೆ ಅಡವಿಟ್ಟೆ. ಆಯಿಲ್ ಕೂಲರನ್ನು ಮೇಸ್ತ್ರಿ ಮೂರು ಸಲ ತೊಳೆಸಿದರು. ಹಳೇ ಬೇರಿಂಗಿನ ಪುಡಿ ಅದರೊಳಗೆ ಉಳಿದರೆ ಹೊಸ ಬೇರಿಂಗನ್ನೂ ತಿನ್ನುತ್ತದಂತೆ. ಇಷ್ಟು ಜೋಪಾನ ಮಾಡುವ ಕೈಗೆ ಎಷ್ಟು ಕೂಲಿ ಕೊಟ್ಟರೂ ಕಡಿಮೆಯೇ.

19ನೇ ದಿನ, ಇಂಜೆಕ್ಟರ್ ಕೂರಿಸುವ ಮುಂಚೆ, ಮೇಸ್ತ್ರಿ ಡ್ರೈವರ್‌ನನ್ನು ಕರೆದು ಅದೇ ಸ್ಪ್ಯಾನರ್ ಕೈಗಿಟ್ಟರು. ಪೈಪು ಬೇಕಾಗಲಿಲ್ಲ. ಒಂದೇ ಕೈಯಲ್ಲಿ ಪುಲ್ಲಿಯನ್ನು ಒಂದು ಸುತ್ತು ತಿರುಗಿಸಿ ನನ್ನ ಮುಖ ನೋಡಿದ. ಮತ್ತೆ ಇನ್ನೊಂದು ಸುತ್ತು ತಿರುಗಿಸಿದ.