ಸೇವಾ ಶುಲ್ಕ ಯಾರ ಕೈ ಸೇರುತ್ತದೆ?

2024ರ ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಬೆಂಗಳೂರಿನ ದುಬಾರಿ ರೆಸ್ಟೋರೆಂಟ್ ಒಂದಕ್ಕೆ ಊಟಕ್ಕೆ ಕರೆದೊಯ್ದಿದ್ದೆ. ಬಿಲ್ಲಿನಲ್ಲಿ ಊಟದ 6,000 ರೂಪಾಯಿಯ ಕೆಳಗೆ ಶೇ. 10ರ ಸೇವಾ ಶುಲ್ಕವೆಂದು 600 ರೂಪಾಯಿ, ಆ ಎರಡರ ಮೇಲೂ ಶೇ. 5ರ ಜಿಎಸ್‌ಟಿ 330 ರೂಪಾಯಿ ಸೇರಿ ಒಟ್ಟು 6,930 ಆಗಿತ್ತು. ಅಮ್ಮ ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲವೆಂದು ಒಮ್ಮೆ ಹೇಳಿದ್ದನ್ನು ಕೊನೆಯ ತಟ್ಟೆಯವರೆಗೂ ನೆನಪಿಟ್ಟುಕೊಂಡು ಬಡಿಸಿದ ಹುಡುಗನನ್ನು, ಈ ಆರುನೂರರಲ್ಲಿ ನಿಮಗೆಷ್ಟು ಸಿಗುತ್ತದೆ ಎಂದು ಕೇಳಿದೆ. ಅವನು ಮ್ಯಾನೇಜರ್ ನಿಂತಿದ್ದ ಕಡೆ ಒಮ್ಮೆ ನೋಡಿ, ಗೊತ್ತಿಲ್ಲ ಎಂದ.

ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಕೂಡದು, ಬೇರೆ ಹೆಸರಿನಲ್ಲಿಯೂ ವಸೂಲು ಮಾಡಕೂಡದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿತ್ತು. ಅದನ್ನು ಪ್ರಶ್ನಿಸಿ ಹೋಟೆಲ್ ಮತ್ತು ರೆಸ್ಟೋರೆಂಟ್ ಮಾಲೀಕರ ಎರಡು ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. ನಮ್ಮ ಊಟವಾಗಿ ಮೂರು ತಿಂಗಳ ನಂತರ, 2025ರ ಮಾರ್ಚ್ 28ರಂದು, ಏಕಸದಸ್ಯ ಪೀಠವು ಮಾರ್ಗಸೂಚಿಯನ್ನು ಎತ್ತಿಹಿಡಿದು ಎರಡೂ ಸಂಘಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡ ವೆಚ್ಚ ವಿಧಿಸಿತು. ಗ್ರಾಹಕನಾಗಿ ನನಗೆ ಸಂತೋಷವಾಯಿತು. ಆದರೆ ಕೊಡಬೇಕೇ ಬೇಡವೇ ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೇ ಹೊರತು, ಕೊಟ್ಟದ್ದು ತನಗೆ ತಲುಪುತ್ತದೆಯೇ ಎಂಬ ಆ ಹುಡುಗನ ಪ್ರಶ್ನೆ ಹಾಗೆಯೇ ಉಳಿಯಿತು.

ಬ್ರಿಟನ್ನಿನಲ್ಲಿ 2023ರಲ್ಲಿ ಅಂಗೀಕಾರವಾಗಿ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕಾಯ್ದೆ ಈ ಎರಡನೆಯ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿದೆ. ಅದರ ಪ್ರಕಾರ ಟಿಪ್ಸ್ ಆಗಲಿ, ಸೇವಾ ಶುಲ್ಕವಾಗಲಿ, ತೆರಿಗೆಯ ಹೊರತು ಏನನ್ನೂ ಮುರಿದುಕೊಳ್ಳದೆ, ಮುಂದಿನ ತಿಂಗಳು ಮುಗಿಯುವುದರೊಳಗೆ ಕೆಲಸಗಾರರಿಗೆ ನ್ಯಾಯವಾಗಿ ಹಂಚಬೇಕು. ಹಂಚುವ ಕ್ರಮವನ್ನು ಬರೆದಿಟ್ಟಿರಬೇಕು. ನಮಗೆ ಬೇಕಿರುವುದು ಇಂಥದೇ ಕಾನೂನು ಎಂದು ನಾನು ದೃಢವಾಗಿ ನಂಬುತ್ತೇನೆ.

ಈ ಹುಡುಗರ ದಿನಚರಿಯನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲ. ಬ್ರೇಕ್ ಶಿಫ್ಟ್ ಎಂದು ಅವರು ಕರೆಯುವ ಪಾಳಿಯಲ್ಲಿ ಮಧ್ಯಾಹ್ನದ ಊಟಕ್ಕೊಮ್ಮೆ, ರಾತ್ರಿಯ ಊಟಕ್ಕೊಮ್ಮೆ ಕೆಲಸಕ್ಕೆ ನಿಲ್ಲಬೇಕು. ನಡುವಿನ ಮೂರು ಗಂಟೆಗಳಿಗೆ ಸಂಬಳವಿಲ್ಲ, ದೂರದ ಕೋಣೆಗೆ ಹೋಗಿ ಬರುವಷ್ಟು ಸಮಯವೂ ಇಲ್ಲ. ಮಣಿಪುರ, ಅಸ್ಸಾಂ, ನೇಪಾಳದಿಂದ ಬಂದ ಎಷ್ಟೋ ಮಂದಿ ಈ ನಗರದ ಮೇಜುಗಳಿಗೆ ಬಡಿಸುತ್ತಿದ್ದಾರೆ, ಒಂದು ಕಾಲದಲ್ಲಿ ಕುಂದಾಪುರ, ಉಡುಪಿಯ ಕಡೆಯ ಮಾಣಿಗಳು ಬಡಿಸುತ್ತಿದ್ದ ಹಾಗೆ. ಮಾಣಿ ಎಂದರೆ ಹುಡುಗ, ಆ ಕಡೆಯ ಮನೆಗಳಲ್ಲಿ ಮಗನನ್ನು ಕರೆಯುವ ಮಾತೂ ಹೌದು. ಚಿಟಿಕೆ ಹೊಡೆದು ಕರೆಯುವವರಿಗೆ ಅದು ನೆನಪಿರಬೇಕಿತ್ತು.

ಆ ರಾತ್ರಿ ಅವನ ಕೈಗೆ ಬೇರೆಯಾಗಿ 300 ರೂಪಾಯಿ ಕೊಟ್ಟೆ. ಅವನು ಅದನ್ನು ಜೇಬಿಗೆ ಹಾಕಿಕೊಳ್ಳದೆ ಕೌಂಟರಿನ ಬಳಿಯ ಡಬ್ಬಿಗೆ ಹಾಕಿ, ತಟ್ಟೆ ತೊಳೆಯುವವರಿಗೂ ಇದರಲ್ಲಿ ಪಾಲಿದೆ ಎಂದ. ಯಾರಿಗೆ ಎಷ್ಟು ಎಂಬ ಪಟ್ಟಿಯನ್ನು ತಾವೇ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಿದ್ದಾರಂತೆ. ಸೇವಾ ಶುಲ್ಕಕ್ಕೆ ಅಂಥ ಪಟ್ಟಿಯನ್ನು ಅವನು ಈವರೆಗೆ ಕಂಡಿರಲಿಲ್ಲ.